ಅಟ್ಟದ ಮೇಲಿನ ಮೂವತ್ತು ಕಂಬಳಿ

ಶಿರಾದ ನಮ್ಮ ಕಂಬಳಿ ಅಂಗಡಿಗೆ ಪಾಲುದಾರರು ಇಬ್ಬರೇ ಆದರೂ ಲೆಕ್ಕದ ವರ್ಷಕ್ಕೆ ಕೊನೆಗಳು ಮೂರಿದ್ದವು. ನಾನು ಯುಗಾದಿಗೆ ಹೊಸ ಲೆಕ್ಕದ ಪುಸ್ತಕಕ್ಕೆ ಅರಿಶಿನ ಕುಂಕುಮ ಹಚ್ಚುತ್ತಿದ್ದೆ. ನನ್ನ ಪಾಲುದಾರ ಊರಿನ ಮುಸಲ್ಮಾನ ವ್ಯಾಪಾರಿ ಮನೆತನದವನು. ಅವನು ರಂಜಾನಿನಲ್ಲಿ ಸರಕನ್ನೆಲ್ಲ ಎಣಿಸಿ, ತನ್ನ ಪಾಲಿನಲ್ಲಿ ನಲವತ್ತಕ್ಕೆ ಒಂದರಂತೆ ಜಕಾತ್ ಎಂದು ಬಡವರಿಗೆ ಕೊಡುತ್ತಿದ್ದ. ಮೂರನೆಯದು ಸರ್ಕಾರದ ಮಾರ್ಚ್ ಮೂವತ್ತೊಂದು. ಅದು ನಮ್ಮಿಬ್ಬರಿಗೂ ಹಬ್ಬವಲ್ಲ.

ಅರವತ್ತರ ದಶಕ ಶುರುವಾಗುವ ಹೊತ್ತು. ಆ ವರ್ಷ ರಂಜಾನ್ ಮಾರ್ಚಿನಲ್ಲೇ ಬಂದಿತ್ತು. ಅಂಗಡಿಯಲ್ಲಿ ಸರಕು ಕಡಿಮೆ ಕಂಡರೆ ಮಾರಾಟ ತೆರಿಗೆಯೂ ಕಡಿಮೆ ಬೀಳುತ್ತದೆಂದು ನಾನೊಂದು ಉಪಾಯ ಹೂಡಿ, ಪಾಲುದಾರನಿಗೆ ಹೇಳದೆ ಮೂವತ್ತು ಕಂಬಳಿಗಳನ್ನು ಬುಕ್ಕಾಪಟ್ಟಣದ ನಮ್ಮ ಮನೆಯ ಅಟ್ಟಕ್ಕೆ ಸಾಗಿಸಿದೆ. ನನ್ನಂಥ ಜಾಣ ತಾಲ್ಲೂಕಿನಲ್ಲೇ ಇಲ್ಲವೆಂದು ಬೀಗುತ್ತಿದ್ದೆ.

ಎರಡು ತಿಂಗಳಿಗೆ ಮಧುಗಿರಿಯ ತೆರಿಗೆ ಅಧಿಕಾರಿ ಇಬ್ಬರನ್ನೂ ಕರೆಸಿದರು. ಕೊಂಡ ಕಂಬಳಿಗಳನ್ನು ಕೂಡಿದರು, ಮಾರಿದ್ದನ್ನು ಕಳೆದರು, ಉಳಿದ ಸರಕೆಂದು ನಾನು ಬರೆದುಕೊಟ್ಟ ಪಟ್ಟಿಯನ್ನು ಪಕ್ಕಕ್ಕಿಟ್ಟು ನೋಡಿದರು.

"ಮೂವತ್ತು ಕಮ್ಮಿ ಇದೆ. ಅಂಗಡೀಲಿ ಇಲ್ಲ ಅಂದ್ರೆ ಬಿಲ್ಲಿಲ್ಲದೆ ಮಾರಿದ್ದೀರಿ. ತೆರಿಗೆ ಕಟ್ಟಿ, ದಂಡಾನೂ ಕಟ್ಟಿ."

ಅವರು ಹೇಳಿದ ದಂಡ ಕಟ್ಟಿದರೆ ಅಂಗಡಿ ಮುಚ್ಚಬೇಕು. ನಿಜ ಹೇಳಿದರೆ ಪಕ್ಕದಲ್ಲಿ ಕೂತ ಪಾಲುದಾರನ ಕಣ್ಣಿಗೆ ನಾನು ಕಳ್ಳ.

ಅವನು ಜೇಬಿನಿಂದ ಮಡಚಿದ ಕಾಗದ ತೆಗೆದ. ಜಕಾತಿಗೆಂದು ಉರ್ದುವಿನಲ್ಲಿ ಬರೆದುಕೊಂಡಿದ್ದ ಪಟ್ಟಿ. ಒಂದೊಂದೇ ಸಾಲನ್ನು ಕನ್ನಡದಲ್ಲಿ ಓದಿ ಹೇಳಿದ. ಕೊನೆಯ ಸಾಲು, "ಬುಕ್ಕಾಪಟ್ಟಣ, ಪಾಲುದಾರನ ಮನೆ ಅಟ್ಟ, ಮೂವತ್ತು."

"ಇದನ್ನ ಯಾಕೆ ನಂಬಬೇಕು?" ಎಂದರು ಅಧಿಕಾರಿ.

"ಇದ್ರಾಗೆ ಜಾಸ್ತಿ ಬರ್ದಷ್ಟೂ ನನ್ ಕೈಯಿಂದ ಜಾಸ್ತಿ ಹೋಗ್ತದೆ ಸಾಹೇಬ್ರೇ. ಸುಮ್ಕೆ ಯಾರು ಬರ್ಕಂತಾರೆ?"

ಅಧಿಕಾರಿ ನಕ್ಕು, ನನ್ನ ಕಡೆ ತಿರುಗಿ, "ಭಾರೀ ಬುದ್ಧಿವಂತರಪ್ಪಾ ನೀವು" ಎಂದರು. ಎರಡು ದಿನದ ಮೇಲೆ ಅವರ ಕಡೆಯವನೊಬ್ಬ ಬಂದು ಅಟ್ಟ ಹತ್ತಿ ಎಣಿಸಿದ. ಲೆಕ್ಕ ಸರಿಹೋಯಿತು, ದಂಡ ತಪ್ಪಿತು. ನಮ್ಮಮ್ಮ ಆಗ ಬಾಯಿ ಬಿಟ್ಟಳು: ನನ್ನ ಪಾಲುದಾರ ಉಪವಾಸದಲ್ಲೇ ಸೈಕಲ್ ತುಳಿದುಕೊಂಡು ಬಂದು, ಕಂಬಳಿ ಎಣಿಸಿ, ಒಂದು ಮಾತೂ ಆಡದೆ ಹೋಗಿದ್ದನಂತೆ. ರಂಜಾನಿನ ಎಣಿಕೆಯಲ್ಲೇ ಅವನಿಗೆ ಅಂಗಡಿಯಲ್ಲಿ ಮೂವತ್ತು ಕಮ್ಮಿ ಕಂಡಿರಬೇಕು.

ನಾಚಿಕೆಯಿಂದ ತಿಂಗಳುಗಟ್ಟಲೆ ನಾನು ಆ ಮಾತೆತ್ತಲಿಲ್ಲ. ಮುಂದಿನ ಮಾರ್ಚಿನಲ್ಲಿ ಇಬ್ಬರೂ ಜೊತೆಗೆ ಕೂತು ಸರಕು ಎಣಿಸಿದೆವು. ಅವನು ಉರ್ದುವಿನಲ್ಲಿ ಬರೆದುಕೊಂಡ, ನಾನು ಕನ್ನಡದಲ್ಲಿ. ಕಡೆಗೆ ತಡೆಯಲಾರದೆ ಕೇಳಿದೆ.

"ಗೊತ್ತಿದ್ರೂ ಅವತ್ತು ನನ್ನ ಯಾಕೆ ಕೇಳ್ಲಿಲ್ಲ?"

ಅವನು ಕಂಬಳಿ ಮಡಚುತ್ತಲೇ ಹೇಳಿದ: "ಕೇಳಿದ್ರೆ ನೀನು ಸುಳ್ಳು ಹೇಳ್ಬುಡ್ತಿದ್ದೆ ಕಣ್ಲಾ. ಆಮ್ಯಾಕೆ ನಾವಿಬ್ರೂ ಜತೇಲಿ ಅಂಗ್ಡಿ ನಡ್ಸೋದು ಹೆಂಗೆ?"