ನಾನು ಕೂಗದ ಕೂಗು

ದೆವ್ವದ ಕತೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. ಅವರು ಮುಗಿಸುವ ಮೊದಲೇ ಅವರ ದನಿಯಲ್ಲೇ ಅದನ್ನು ತಿರುಗಿ ಹೇಳಿ, ಸುತ್ತ ಕೂತವರನ್ನು ನಗಿಸಿ, ಹೇಳಿದವರ ಮುಖ ಸಣ್ಣದು ಮಾಡುತ್ತಿದ್ದೆ. ಹಾಗಂತ ನನ್ನ ಕಸುಬೇನೂ ದೊಡ್ಡದಲ್ಲ. ನಾನೂ ಹೆದರಿಕೆಯ ಕತೆಗಳನ್ನೇ ಬರೆಯುವವನು. ನನ್ನ ಕತೆಗಳಲ್ಲಿ ದೆವ್ವ ಇರುವುದಿಲ್ಲ, ಅಷ್ಟೇ. ದಿನಾ ನೋಡುವ ಪಕ್ಕದ ಮನೆಯವನು ಇವತ್ತು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನಕ್ಕ, ಹಗ್ಗದ ಮೇಲೆ ಒಣಹಾಕಿದ ಅಂಗಿ ಗಾಳಿಗೆ ಬೇರೆ ಯಾರದೋ ಮೈಯ ಆಕಾರ ಹಿಡಿಯಿತು, ಇಂಥವು. ಓದಿದವರು ನಿದ್ದೆಗೆಟ್ಟೆವು ಎನ್ನುತ್ತಿದ್ದರು. ಬರೆದ ನಾನು ಮಾತ್ರ ಗೊರಕೆ ಹೊಡೆಯುತ್ತಿದ್ದೆ. ಈಗ ಹೇಳಲಿರುವುದು ಕತೆಯಾಗಿದ್ದರೆ ಇದಕ್ಕಿಂತ ಚೆನ್ನಾಗಿ ಮುಗಿಸುತ್ತಿದ್ದೆ ಎಂದು ಮೊದಲೇ ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದಿನ ಮಾತು. ತಾಳಮಲೆಯ ಕಾಡಿಗೆ ಅಂಟಿಕೊಂಡಿರುವ ನಮ್ಮೂರಿನಲ್ಲಿ ಮುಸುಕಿನ ಜೋಳ ತೆನೆ ಕಟ್ಟುವ ಹೊತ್ತಿಗೆ ಹೊಲಕ್ಕೊಂದು ಅಟ್ಟಣೆ ಏಳುತ್ತದೆ. ನಾಲ್ಕು ಕಂಬ, ಮೇಲೆ ಬಿದಿರ ಹಾಸು, ಅದರ ಮೇಲೊಂದು ಹುಲ್ಲಿನ ಮಾಡು. ಅದರಲ್ಲಿ ಕೂತು ಆನೆ ಕಾಯಬೇಕು. ಕತ್ತಲು ಕವಿಯುವಾಗ ಅಟ್ಟಣೆಯಿಂದ ಅಟ್ಟಣೆಗೆ ಕೂಗು ಹೋಗುತ್ತದೆ. ಒಬ್ಬೊಬ್ಬರದು ಒಂದೊಂದು ಕೂಗು. ಎಲ್ಲರದೂ ಬಂದ ಮೇಲೆ ಊರಂಚಿನ ಮನೆಯಿಂದ ಕಂಚಿನ ತಟ್ಟೆ ಬಡಿಯುತ್ತಾರೆ. ಎಲ್ಲರೂ ಸುಖವಾಗಿದ್ದಾರೆ, ಇನ್ನು ಮಲಗಬಹುದು ಎಂದು ಅರ್ಥ. ಒಬ್ಬನ ಕೂಗು ಬರಲಿಲ್ಲವೋ, ತಟ್ಟೆ ಬಡಿಯುವುದಿಲ್ಲ. ಪಟಾಕಿ, ಬ್ಯಾಟರಿ ಹಿಡಿದು ಜನ ಅವನ ಹೊಲಕ್ಕೆ ಹೊರಡುತ್ತಾರೆ.

ಆ ವರ್ಷ ಸಿದ್ದಮ್ಮತ್ತೆ ತಡವಾಗಿ ಬಿತ್ತಿದ್ದಳು. ಮಾವ ತೀರಿಕೊಂಡ ಮೇಲೆ ಅವಳಿಗೆ ನಾನು, ನನಗೆ ಅವಳು. ಅವಳ ಕಾಲು ಬೇರೆ ಉಳುಕಿತ್ತು. ಹಾಗಾಗಿ ಕಾವಲು ನನ್ನ ಪಾಲಿಗೆ ಬಂತು. ಉಳಿದವರೆಲ್ಲ ಒಬ್ಬೊಬ್ಬರಾಗಿ ಜೋಳ ಮುರಿದುಕೊಂಡು ಮನೆ ಸೇರಿದರು. ಕಡೆಗೆ ಹೋದವನು ಹಳ್ಳದಾಚೆಯ ರಂಗಣ್ಣ. ಅವನ ಕೂಗನ್ನು ನಾನು ಎಷ್ಟು ಚೆನ್ನಾಗಿ ಅಣಕಿಸುತ್ತಿದ್ದೆನೆಂದರೆ ಅವನ ನಾಯಿ ಬಾಲ ಆಡಿಸಿಕೊಂಡು ನನ್ನ ಹತ್ತಿರ ಬರುತ್ತಿತ್ತು. ಹೊರಡುವಾಗ ಚಾಪೆ ಸುತ್ತುತ್ತಾ ಅವನು, "ನಿಂಗ ಅಂತ ಒಂದು ಗಂಟ್ಲು ಅದಾ ಇಲ್ವಾ? ಆನ ಬಂದಾಗ ನನ್ ಗಂಟ್ಲಲ್ಲಿ ಕೂಗ್ಬುಟ್ಟೀಯ ಕಣ್ಲಾ. ಜನ ಪಟಾಕಿ ಇಡ್ಕೊಂಡು ನನ್ ಮನ್ಗ ಬಂದ್ಬುಟ್ಟಾರು," ಎಂದ.

ಅವನೂ ಹೋದ ಮೇಲೆ ಆ ಬಯಲಿನಲ್ಲಿ ನಾನೊಬ್ಬನೇ ಉಳಿದೆ. ಫೋನಿಗೆ ಸಿಗ್ನಲ್ ಬೇಕೆಂದರೆ ಕೆಳಗಿಳಿದು ದಿಬ್ಬದ ಮೇಲಿನ ಮರ ಹತ್ತಬೇಕು. ಕೋತಿಗಳಿಗೆ ನನಗಿಂತ ಒಳ್ಳೆಯ ನೆಟ್‌ವರ್ಕ್ ಇತ್ತು. ಖಾಲಿ ಅಟ್ಟಣೆಗಳ ನಡುವೆ ಸಂಜೆ ಕಳೆಯುವುದೇ ಕಷ್ಟವಾಗಿತ್ತು. ಅದಕ್ಕೇ ಎಲ್ಲರ ಕೂಗನ್ನೂ ನಾನೇ ಕೂಗತೊಡಗಿದೆ. ದೇವರಿಗೂ ಅಪ್ಪಣೆ ಕೊಡುವಂಥ ಮಲ್ಲಪ್ಪಯ್ಯನವರ ಕೂಗು, ಆಕಳಿಕೆಯಲ್ಲಿ ಮುಳುಗುವ ಪುಟ್ಟಮಾದನ ಕೂಗು, ಎತ್ತನ್ನು ಬೈದಂತಿರುವ ರಂಗಣ್ಣನ ಕೂಗು. ಊರಂಚಿನ ಮನೆಯಲ್ಲಿ ತಟ್ಟೆ ಬಡಿಯುವವಳು ಅತ್ತೆಯೇ. ಅವಳಿಗೆ ಇದು ಕೇಳಿ ನಗುವೋ ನಗು. ಆದರೆ ಒಂದು ಷರತ್ತು ಹಾಕಿದ್ದಳು: "ಎಲ್ಲಾರ್ದೂ ಕೂಗು, ಬ್ಯಾಡ ಅನ್ನಲ್ಲ. ಕಡೇಲಿ ನಿಂದು ಕೂಗ್ಬೇಕು. ಅದು ಬರ್ದೆ ನಾ ತಟ್ಟೆ ಮುಟ್ಟಲ್ಲ. ಆಳು ಕಳುಸ್ತೀನಿ."

ನನ್ನ ಕೂಗು ಅಂಥ ಚೆಂದದ್ದಲ್ಲ. ನಡುವೆ ಒಡೆಯುತ್ತದೆ, ಕೊನೆಗೊಂದು ಸಣ್ಣ ಕೆಮ್ಮು ಅಂಟಿಕೊಳ್ಳುತ್ತದೆ. ಊರವರನ್ನೆಲ್ಲ ಕೂಗಿ ಮುಗಿಸಿ ಅದನ್ನು ಹೊರಗೆ ಬಿಡುವಾಗ ನನಗೆ ನಾಚಿಕೆಯೇ ಆಗುತ್ತಿತ್ತು. ಆಮೇಲೆ ದೂರದಿಂದ ತಟ್ಟೆಯ ಸದ್ದು. ಅದು ನಿಂತ ಮೇಲೆ ಬೆಳಗಾಗುವ ತನಕ ನನ್ನೊಡನೆ ಮಾತಾಡುವವರು ಯಾರೂ ಇಲ್ಲ.

ಆ ಸಂಜೆಯೂ ಹಾಗೇ ಶುರುವಾಯಿತು. ಬೆಟ್ಟದ ನೆತ್ತಿಯಲ್ಲಿ ಇನ್ನೂ ಬೆಳಕಿತ್ತು, ಹೊಲದಲ್ಲಿ ಕತ್ತಲು ತುಂಬುತ್ತಿತ್ತು. ಮಲ್ಲಪ್ಪಯ್ಯನವರ ಕೂಗಾಯಿತು, ಪುಟ್ಟಮಾದನದಾಯಿತು, ರಂಗಣ್ಣನದಾಯಿತು. ನನ್ನದಕ್ಕೆ ಉಸಿರು ಎಳೆದುಕೊಂಡೆ, ಅಷ್ಟರಲ್ಲಿ ಅಟ್ಟಣೆ ಅಲುಗಿತು. ಬಗ್ಗಿ ನೋಡಿದರೆ ಒಂಟಿ ಸಲಗ. ಬಂದದ್ದೇ ತಿಳಿಯಲಿಲ್ಲ. ನನ್ನ ಕಂಬಕ್ಕೇ ಮೈ ಉಜ್ಜುತ್ತಾ ನಿಂತಿತ್ತು. ಎಳೆದುಕೊಂಡ ಉಸಿರನ್ನು ಬಿಡಲೂ ಹೆದರಿಕೆ. ಕಂಬಗಳಲ್ಲಿ ಒಂದು ಮೊದಲೇ ಗೆದ್ದಲು ಹಿಡಿದದ್ದು. ನಾನೇ ಸೋಮಾರಿತನದಿಂದ ಬದಲಿಸಿರಲಿಲ್ಲ.

ಕೂಗಿದರೆ ಅದು ತಲೆಯೆತ್ತುತ್ತದೆ, ಸೊಂಡಿಲಿಗೆ ನಾನು ಎಟುಕುತ್ತೇನೆ. ಸುಮ್ಮನಿದ್ದರೆ? ಆಗ ಹೊಳೆಯಿತು, ಸುಮ್ಮನಿರುವುದೇ ಒಳ್ಳೆಯದು. ನನ್ನ ಕೂಗು ಹೋಗದಿದ್ದರೆ ಅತ್ತೆ ತಟ್ಟೆ ಬಡಿಯುವುದಿಲ್ಲ. ಜನ ಹೊರಡುತ್ತಾರೆ, ಪಟಾಕಿ ಸಿಡಿಯುತ್ತದೆ, ಸಲಗ ಕಾಡು ಸೇರುತ್ತದೆ. ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಹುಟ್ಟಿದಾಗಿನಿಂದ ನನ್ನಿಂದ ಆಗದ ಕೆಲಸ ಅದೊಂದೇ. ಅವತ್ತು ಮಾಡಿದೆ. ಬಿದಿರಿಗೆ ಕೆನ್ನೆ ಒತ್ತಿಕೊಂಡು ಊರಿನ ಕಡೆ ಕಿವಿಯಿಟ್ಟು ಮಲಗಿದೆ.

ಆಗ ಹಳ್ಳದಾಚೆಯಿಂದ, ರಂಗಣ್ಣ ಬಿಟ್ಟುಹೋದ ಅಟ್ಟಣೆಯ ಕಡೆಯಿಂದ, ಒಂದು ಕೂಗು ಬಂತು.

ನನ್ನ ಕೂಗು. ನಡುವೆ ಒಡೆಯಿತು. ಕೊನೆಗೆ ಕೆಮ್ಮಿತು.

ಅಣಕ ಮಾಡಿ ಬದುಕಿದವನು ನಾನು. ಒಳ್ಳೆಯ ಅಣಕದಲ್ಲೂ ಎಲ್ಲೋ ಒಂದು ಕಡೆ ಅಣಕಿಸುವವನು ಇಣುಕುತ್ತಾನೆ, ಸ್ವಲ್ಪ ಹೆಚ್ಚು ಮಾಡುತ್ತಾನೆ. ಇದರಲ್ಲಿ ಯಾರೂ ಇಣುಕಲಿಲ್ಲ. ಸಲಗ ಕಿವಿ ನಿಮಿರಿಸಿ ಆ ಕಡೆ ತಿರುಗಿ ನಿಂತಿತು. ಸ್ವಲ್ಪ ಹೊತ್ತಿಗೆ ಊರಿನಿಂದ ತಟ್ಟೆಯ ಸದ್ದು ಕೇಳಿಸಿತು. ಅಷ್ಟು ನೆಮ್ಮದಿಯಾಗಿ ಅತ್ತೆ ಎಂದೂ ತಟ್ಟೆ ಬಡಿದಿರಲಿಲ್ಲ.

ಇನ್ನು ಯಾರೂ ಬರುವುದಿಲ್ಲ ಎಂದು ಗೊತ್ತಾಯಿತು. ಆ ಹೊತ್ತಿನಲ್ಲಿ ನನಗೆ ಆದದ್ದು ಭಯ ಎಂದು ಹೇಳಲಾರೆ. ನಾನಿಲ್ಲದೆಯೇ ನನ್ನ ಲೆಕ್ಕ ಸರಿಹೋಗಿತ್ತು. ಊರು ಬಾಗಿಲು ಹಾಕಿಕೊಂಡಿತ್ತು. ಸಲಗ ಮತ್ತೆ ಮೈ ಉಜ್ಜಿತು, ಜೋಳ ಮುರಿದು ತಿಂದಿತು, ತಿರುಗಿ ಬಂದು ಕಂಬದ ಬಳಿ ನಿಂತಿತು. ಯಾವಾಗ ಹೋಯಿತೋ ತಿಳಿಯದು. ಮಂಜಿನಲ್ಲಿ ಕೋಳಿ ಕೂಗಿದಾಗ ಕೆಳಗಿಳಿದೆ. ಗೆದ್ದಲು ಹಿಡಿದ ಕಂಬ ಓರೆಯಾಗಿತ್ತು.

ಅತ್ತೆ ಒಲೆಯ ಮುಂದೆ ಕಾಲು ಚಾಚಿ ಕೂತಿದ್ದಳು. ನಾನು ಬಾಯಿ ತೆರೆಯುವ ಮೊದಲೇ, "ನೆನ್ನ ಚಂದಾಗಿ ಕೂಗ್ದೆ ಕಣ್ಲಾ. ಅಷ್ಟು ಚಂದಾಗಿ ನೀ ಯಾವತ್ತೂ ಕೂಗಿರ್ನಿಲ್ಲ," ಎಂದಳು. ನನ್ನ ಕೈಗೆ ಕಾಫಿ ಕೊಡುತ್ತಾ, "ಆಮೇಲ, 'ನಾ ಇಲ್ಲೇ ಇವ್ನಿ, ನೀ ಮನೀಕೋ ಅತ್ತೆ' ಅಂದ್ಯಲ್ಲ, ಅದ್ಕೇ ತಟ್ಟೆ ಬಡ್ದು ಮನೀಕಂಡೆ. ಅದ್ಸರಿ, ಅಳ್ಳದ ಆಚ್ಗ ಯಾಕ್ಲಾ ಓಗಿದ್ದೆ?" ಎಂದು ಕೇಳಿದಳು.

ಆ ಮಾತನ್ನು ನಾನು ಕೇಳಿರಲಿಲ್ಲ. ಯಾವ ಸಂಜೆಯೂ ನಾನು ಅದನ್ನು ಕೂಗಿದವನೂ ಅಲ್ಲ. ಕಾಫಿ ಕುಡಿದು ಲೋಟ ತೊಳೆದಿಟ್ಟೆ.

ಮುಂದೊಮ್ಮೆ ರಂಗಣ್ಣನಿಗೆ ಮಾತ್ರ ಇದನ್ನು ಹೇಳಿದೆ. "ಭೀಮರಾಜನಕ್ಕಿ ಕಣ, ಅದು ಎಲ್ಲಾರ್ನೂ ಅಣಕುಸ್ತದ. ನಿನ್ ಜಾತೀದೇ," ಎಂದು ನಕ್ಕ. ಇರಬಹುದು. ದಿನಾ ಕೇಳಿದ ಕೂಗನ್ನು ಹಕ್ಕಿ ಕಲಿತಿರಬಹುದು. ಆದರೆ ಹಕ್ಕಿಗೆ ಅತ್ತೆ ಯಾರು? ಅವಳು ನಿದ್ದೆಗಣ್ಣಿನಲ್ಲಿ ಏನೋ ಕೇಳಿಸಿಕೊಂಡಿರಬಹುದು ಎಂದೂ ಅಂದುಕೊಂಡೆ. ಆದರೆ ಅದನ್ನು ಕೇಳಿದ ಮೇಲೆಯೇ ತಟ್ಟೆ ಬಡಿದು ಮಲಗಿದೆ ಎಂದವಳು ಅವಳೇ. ಆ ಕೂಗು ಒಬ್ಬಂಟಿ ಮುದುಕಿಯನ್ನು ನೆಮ್ಮದಿಯಾಗಿ ಮಲಗಿಸಿತೋ, ನನ್ನ ಹತ್ತಿರ ಯಾರೂ ಬಾರದಂತೆ ಮಾಡಿತೋ, ಎರಡೂ ಹೌದೋ, ಇವತ್ತಿಗೂ ಗೊತ್ತಿಲ್ಲ.

ಈಗ ತಾಳವಾಡಿಯಲ್ಲಿ ಒಂದು ಅಂಗಡಿಯ ಮೇಲಿನ ಕೋಣೆಯಲ್ಲಿ ಒಬ್ಬನೇ ಇದ್ದೇನೆ. ಅಣಕ ಬಿಟ್ಟಿಲ್ಲ, ಕತೆಯನ್ನೂ ಬಿಟ್ಟಿಲ್ಲ. ಸಂಜೆ ಅತ್ತೆಗೆ ಫೋನ್ ಮಾಡುತ್ತೇನೆ. ಅವಳಿಗೆ ಕಣ್ಣು ಮಂಜಾಗಿದೆ, ಹೆಸರು ಓದಲಾಗುವುದಿಲ್ಲ, ಎತ್ತಿದ ತಕ್ಷಣ, "ನೀನೇನ್ಲಾ?" ಎನ್ನುತ್ತಾಳೆ. ನಾನು ಕೂಡಲೇ ಹೂಂ ಎನ್ನುವುದಿಲ್ಲ. ಸ್ವಲ್ಪ ಕಾಯುತ್ತೇನೆ, ನನಗಿಂತ ಮೊದಲು ಇನ್ನಾರಾದರೂ ಹೂಂ ಎನ್ನುತ್ತಾರೇನೋ ಎಂದು.