ಬಾಗಿಲಿಂದ ಮೊದಲು ಹೊರಬಂದವಳು

ಟೊಂಗಾದ ಆ ಪುಟ್ಟ ದ್ವೀಪದ ಚರ್ಚಿನಲ್ಲಿ ಲೋಸಲೀನೆ ನಲವತ್ತು ವರ್ಷದಿಂದ ಮಕ್ಕಳಿಗೆ ಬೈಬಲ್ ಕಥೆ ಹೇಳುತ್ತ ಬಂದವಳು. ತಾನು ಓದಿದ್ದು ಆರನೇ ತರಗತಿ. ಆದರೆ ಚಾಪೆಯ ಮೇಲೆ ಕೂತು ಅವಳು ಬಾಯಿ ತೆರೆದಳೆಂದರೆ ಹೊರಗೆ ಹಂದಿಗಳು ಕಿತ್ತಾಡಿದರೂ ಮಕ್ಕಳು ಕತ್ತು ತಿರುಗಿಸುತ್ತಿರಲಿಲ್ಲ. ಗೊಲ್ಯಾತ ಬಂದಾಗ ಎರಡೂ ಅಂಗೈಯಿಂದ ನೆಲ ಬಡಿಯುವಳು. ಯೋನನನ್ನು ಮೀನು ನುಂಗುವ ಹೊತ್ತಿಗೆ ಅಲ್ಲಿನ ಪದ್ಧತಿಯಂತೆ ಉಡುಪಿನ ಮೇಲೆ ಸೊಂಟಕ್ಕೆ ಸುತ್ತಿದ ಚಾಪೆಯನ್ನೇ ಬಿಚ್ಚಿ ಎದುರಿಗಿದ್ದ ಮಗುವಿನ ತಲೆಯ ಮೇಲೆ ಕವುಚುವಳು. ಹೆದರಿದ ಮಗು ಕಥೆಯನ್ನು ಮರೆಯುವುದಿಲ್ಲ ಎಂಬುದು ಅವಳ ನಂಬಿಕೆ. ಪಾದ್ರಿಗಳು ಅದಕ್ಕೇ ಅವಳನ್ನು ಹೊಗಳುತ್ತಿದ್ದರು.

ಮೇ ತಿಂಗಳ ಮೊದಲ ಭಾನುವಾರ ಮಕ್ಕಳದು. ಅವತ್ತು ಅವರು ಬಿಳಿ ಬಟ್ಟೆ ತೊಟ್ಟು ಊರೆಲ್ಲ ಸೇರಿದ ಚರ್ಚಿನಲ್ಲಿ ಕಥೆಗಳನ್ನು ಆಡಿ ತೋರಿಸಬೇಕು. ಆ ವರ್ಷ ಲೋಸಲೀನೆ ಯೆಪ್ತಾಹನ ಕಥೆ ಆರಿಸಿದಳು. ಯುದ್ಧಕ್ಕೆ ಹೊರಟ ಯೆಪ್ತಾಹ ದೇವರಿಗೆ ಹರಕೆ ಹೊರುತ್ತಾನೆ: ಗೆದ್ದು ಬಂದರೆ ನನ್ನ ಮನೆ ಬಾಗಿಲಿಂದ ಮೊದಲು ಯಾರು ಎದುರು ಬರುತ್ತಾರೋ ಅವರನ್ನು ನಿನಗೆ ಬಲಿ ಕೊಡುತ್ತೇನೆ. ಗೆಲ್ಲುತ್ತಾನೆ. ಮನೆಗೆ ಬಂದರೆ, ದಮ್ಮಡಿ ಬಾರಿಸುತ್ತ ಕುಣಿಯುತ್ತ ಎದುರಾದವಳು ಅವನ ಒಬ್ಬಳೇ ಮಗಳು.

“ಆಮೇಲೇನಾಯ್ತು ಅಜ್ಜಿ?” ಎಂದಿದ್ದು ಎಂಟು ವರ್ಷದ ಲಾತಾಯ್. ಕುಣಿತದಲ್ಲಿ ಚುರುಕು ಅಂತ ಮಗಳ ಪಾತ್ರ ಅವಳಿಗೇ ಸಿಕ್ಕಿತ್ತು.

“ಆಗೋದೇನು? ಹರಕೆ ತೀರಿಸಿದ. ಎಲ್ಲಾರೂ ಹೇಳಿ ನೋಡೋಣ, ದೇವರಿಗೆ ಕೊಟ್ಟ ಮಾತು ವಾಪಸ್ ತಗೊಳ್ಳೋ ಹಾಗಿಲ್ಲ.”

ಮಕ್ಕಳು ಹೇಳಿದರು. ಮೂರು ಸಲ ಹೇಳಿಸಿದಳು.

ಲಾತಾಯಳ ಅಪ್ಪ ಇನೋಕೆ ಏಳು ತಿಂಗಳಿಂದ ಆಸ್ಟ್ರೇಲಿಯಾದ ತೋಟಗಳಲ್ಲಿ ಹಣ್ಣು ಕೀಳಲು ಹೋಗಿದ್ದ. ಮಕ್ಕಳ ಭಾನುವಾರಕ್ಕೆ ಮುಂಚೆ, ಗುರುವಾರದ ಹಡಗಿಗೆ ಬರುವವನಿದ್ದ. ಬುಧವಾರ ಅವನ ಹೆಂಡತಿ ಫಿಫಿತಾ ಲೋಸಲೀನೆಯ ಮನೆಗೆ ಓಡಿ ಬಂದಳು.

“ಟೀಚರಮ್ಮ, ನಮ್ಮ ಹುಡುಗಿಗೆ ಏನೋ ಆಗಿದೆ. ನಾಕು ದಿನದಿಂದ ಒಂದು ಕೋಳಿ ಹಿಡ್ಕೊಂಡು ಕೂತವಳೆ. ಊಟ ಇಲ್ಲ. ಮುಂದಿನ ಬಾಗಿಲಿಗೆ ತಮ್ಮನ್ನ ಸುಳಿಯೋಕೂ ಬಿಡಲ್ಲ. ನಾನು ಹೊಸ್ತಿಲು ದಾಟಿದ್ರೆ ಕಿಟಾರ್ ಅಂತ ಕಿರುಚ್ತಾಳೆ.”

“ಅಪ್ಪ ಬರ್ತಾನೆ ಅನ್ನೋ ಖುಷಿ ಇರ್ಬೇಕು ಬಿಡೆ.”

“ಖುಷಿಗೆ ಯಾರಾದ್ರೂ ಹಾಸಿಗೇಲಿ ಉಚ್ಚೆ ಹೊಯ್ಕೊಳ್ತಾರಾ? ನಾಳೆ ನೀವು ಬಂದು ಒಂದು ಮಾತು ಹೇಳಿ. ನಿಮ್ಮ ಮಾತಂದ್ರೆ ಅವಳಿಗೆ ದೇವರ ಮಾತಿದ್ದ ಹಾಗೆ.”

ಗುರುವಾರ ಲೋಸಲೀನೆ ಹೋದಾಗ ಫಿಫಿತಾ ಹಿತ್ತಲಲ್ಲಿ ಅಡುಗೆ ಹೂತಿಟ್ಟ ಮಣ್ಣೊಲೆ ಬಗೆಯುತ್ತಿದ್ದಳು. ಬೆಂದ ಕೆಸುವಿನೆಲೆ, ತೆಂಗಿನಹಾಲಿನ ವಾಸನೆ ಅಂಗಳದ ತುಂಬ. ಒಳಗೆ, ಮಂಚದ ಕಾಲಿಗೆ ಎರಡು ವರ್ಷದ ತಮ್ಮ ವಿಲಿಯನ್ನು ಬಟ್ಟೆಯಿಂದ ಕಟ್ಟಿ, ಕೋಳಿಯನ್ನು ತೊಡೆಯ ಮೇಲಿಟ್ಟುಕೊಂಡು ಲಾತಾಯ್ ಮುಂಬಾಗಿಲನ್ನೇ ನೋಡುತ್ತಿದ್ದಳು. ತುಟಿ ಒಣಗಿ ಬಿಳಿಚಿತ್ತು.

“ಇದೇನೇ ಇದು, ತಮ್ಮನ್ನ ಮೇಕೆ ಹಂಗೆ ಕಟ್ಟಿದೀಯ?”

“ಅವನು ಓಡಿ ಹೋಗ್ಬಿಡ್ತಾನೆ ಅಜ್ಜಿ. ಅಪ್ಪ ಅಂದ್ರೆ ಸಾಕು, ಅವನೇ ಮೊದಲು ಓಡೋದು.” ಹುಡುಗಿ ಪಿಸುಗುಟ್ಟಿದಳು. “ಅಪ್ಪ ಹರಕೆ ಹೊತ್ತಿದಾರೆ. ಫೋನಲ್ಲಿ ಹೇಳಿದ್ರು. ಅಲ್ಲಿ ಬಸ್ಸು ಬಿದ್ದೋಯ್ತಂತೆ. ಜೀವ ಉಳಿಸಿ ಮನೆ ಮುಟ್ಟಿಸು ಅಂತ ದೇವರಿಗೆ ಮಾತು ಕೊಟ್ಟೆ, ಏನು ಅಂತ ಬಂದ ಮೇಲೆ ಹೇಳ್ತೀನಿ ಅಂದ್ರು.”

ಕೋಳಿ ಯಾಕೆಂದು ಲೋಸಲೀನೆಗೆ ಈಗ ತಿಳಿಯಿತು.

“ಕೋಳಿ ಮೊದಲು ಹೋದ್ರೆ ಸಾಕಲ್ವಾ ಅಜ್ಜಿ? ಕೋಳಿಗೂ ಜೀವ ಇರುತ್ತಲ್ಲ? ದೇವರು ಒಪ್ಕೋತಾನಲ್ಲ?”

“ನಿಮ್ಮಪ್ಪ ಯೆಪ್ತಾಹ ಅಲ್ಲ ಮಗಾ. ಹಂಗೆಲ್ಲ ಮಾಡೋರಲ್ಲ ಅವರು.”

“ಯೆಪ್ತಾಹನೂ ಮಗಳ ಮೇಲೆ ಪ್ರಾಣ ಇಟ್ಕೊಂಡಿದ್ದ ಅಂತ ನೀವೇ ಹೇಳಿದ್ರಿ. ಬಟ್ಟೆ ಹರ್ಕೊಂಡು ಅತ್ತ ಅಂದ್ರಿ. ಆದ್ರೂ ಮಾಡ್ದ.”

ಕಥೆ ಸುಳ್ಳು ಎನ್ನಲು ಮುದುಕಿಯ ನಾಲಿಗೆ ಏಳದು. ಒಂದೊಂದು ಅಕ್ಷರವೂ ನಡೆದದ್ದೇ ಎಂದು ನಂಬಿ ಬದುಕಿದವಳು. ಇನೋಕೆ ಒಳ್ಳೆಯವನು, ಅವಳ ಚಾಪೆಯ ಮೇಲೆ ಕೂತು ಬೆಳೆದವನೇ. ಅದೇ ಈಗ ಅವಳನ್ನು ಹೆದರಿಸಿತು. ಇದೇ ಕಥೆಯನ್ನು ಅವನೂ ಅವಳ ಬಾಯಿಂದಲೇ ಕೇಳಿದ್ದ. ಅವನಿಂದಲೂ ಮೂರು ಸಲ ಹೇಳಿಸಿದ್ದಳು. ಬಸ್ಸು ಉರುಳುವಾಗ, ಸಾವು ಎದುರಿಗೆ ನಿಂತಾಗ, ಮನುಷ್ಯನ ಬಾಯಿಗೆ ಏನು ಬಂದೀತೋ ಯಾರು ಬಲ್ಲರು?

ಆಗಲೇ ಹಡಗುಕಟ್ಟೆಯ ಕಡೆಯಿಂದ ಲಾರಿಯ ಹಾರನ್ ಕೇಳಿತು.

ಲಾತಾಯ್ ಬೆಚ್ಚಿದಳು. ಕೈ ಸಡಿಲಾದದ್ದೇ ತಡ, ಕೋಳಿ ಹಾರಿ ಹಿಂಬಾಗಿಲಿಂದ ಹಿತ್ತಲಿಗೆ ಓಡಿತು. “ಅಯ್ಯೋ, ಹಿಂದಕ್ಕೆ ಹೋಯ್ತು! ಅಜ್ಜಿ, ಅದು ಹಿಂದಕ್ಕೆ ಹೋಯ್ತು!” ಅಷ್ಟರಲ್ಲಿ ವಿಲಿ ಅಂಗಿಯನ್ನು ಕಟ್ಟಿನೊಳಗೇ ಬಿಟ್ಟು ನುಸುಳಿ, ಬರಿಮೈಯಲ್ಲಿ “ಅಪ್ಪಾ” ಎನ್ನುತ್ತ ಮುಂಬಾಗಿಲಿಗೆ ಓಡಿದ. ಲಾತಾಯ್ ಅವನ ಮೇಲೆ ಬಿದ್ದು ತಬ್ಬಿ ಹಿಡಿದಳು. ಆಮೇಲೆ ಬಾಗಿಲ ಕಡೆ ನೋಡಿದಳು. ತಾನೇ ಹೋಗುವುದೆಂದು ಆ ಮಗು ಗಟ್ಟಿ ಮಾಡಿಕೊಂಡದ್ದು ಮುಖದಲ್ಲೇ ಕಂಡಿತು.

“ಕೂತ್ಕೋ,” ಎಂದಳು ಲೋಸಲೀನೆ. “ನಾನು ಹೋಗ್ತೀನಿ.”

“ನೀವಾ?”

“ನಂಗೆ ಅರವತ್ತೆಂಟು. ಸಾಕಷ್ಟು ಉಂಡಿದೀನಿ.”

ನಗಿಸಲೆಂದು ಆಡಿದ ಮಾತು. ಯಾರೂ ನಗಲಿಲ್ಲ.

ಬಾಗಿಲಿಂದ ಅಂಗಳಕ್ಕೆ ಮೂರೇ ಮೆಟ್ಟಿಲು. ಮೊದಲನೆಯದರ ಮೇಲೇ ಅವಳು ನಿಂತುಬಿಟ್ಟಳು. ಏನೂ ಆಗುವುದಿಲ್ಲ ಎಂದು ಬುದ್ಧಿ ಹೇಳುತ್ತಿತ್ತು, ಮೈ ಕೇಳುತ್ತಿರಲಿಲ್ಲ. ಈ ಹೆದರಿಕೆಯನ್ನೇ ಅಲ್ಲವೇ ನಲವತ್ತು ವರ್ಷ ಮಕ್ಕಳ ಹೊಟ್ಟೆಗೆ ತುಂಬಿದ್ದು ಎಂದುಕೊಂಡಳು. ಕಂಬ ಹಿಡಿದು ಇನ್ನೆರಡು ಮೆಟ್ಟಿಲು ಇಳಿದಳು.

ಲಾರಿಯಿಂದ ಧುಮುಕಿದ ಇನೋಕೆ ಚೀಲಗಳನ್ನು ಕೆಳಗಿಟ್ಟು ಹಲ್ಲು ಕಿರಿದ. “ಇದೇನು ಟೀಚರಮ್ಮ, ಹೆಂಡ್ತಿ ಮಕ್ಕಳು ಎಲ್ಲಿ? ನೀವು ಮೊದಲು ಬಂದಿದೀರಿ?”

“ಹೌದು, ನಾನೇ ಮೊದಲು. ನೆನಪಿಟ್ಕೋ. ಏನಪ್ಪಾ ನಿನ್ನ ಹರಕೆ? ಇಲ್ಲೇ ಹೇಳು. ಗಟ್ಟಿಯಾಗಿ ಹೇಳು.”

ಅವಳ ಮುಖ ನೋಡಿ ಅವನ ನಗು ಇಂಗಿತು. “ಅದೂ... ಚರ್ಚಿನ ಹಾಡಿನ ಗುಂಪಿಗೆ ಸೇರ್ತೀನಿ ಅಂತ. ಭಾನುವಾರ ತಪ್ಪಿಸದೆ ಹಾಡ್ತೀನಿ ಅಂತ.”

“ಅಷ್ಟೇನಾ? ಯಾರನ್ನೂ... ಏನನ್ನೂ ಕೊಡ್ತೀನಿ ಅಂದಿಲ್ವಾ?”

“ಇಲ್ವಲ್ಲಾ.”

ಹಿತ್ತಲಿಂದ ಬಂದ ಫಿಫಿತಾ ಸೊಂಟದ ಮೇಲೆ ಕೈಯಿಟ್ಟಳು. “ನೀನು ಹಾಡೋದಾ? ಉಳಿದಿದ್ದು ನೀನು, ಶಿಕ್ಷೆ ಊರಿಗಾ?”

ಒಳಗಿಂದ ಮಕ್ಕಳು ಮಾತ್ರ ಬರಲಿಲ್ಲ. ಲೋಸಲೀನೆ ನಾಲ್ಕು ಮಾತಿನಲ್ಲಿ ವಿಷಯ ತಿಳಿಸಿದಾಗ ಇನೋಕೆ ಅಂಗಳದ ಮಣ್ಣಲ್ಲೇ ಕುಕ್ಕರಿಸಿದ. “ಲಾತಾಯ್, ಅಪ್ಪ ಇಲ್ಲೇ ಕೂತಿದೀನಮ್ಮಾ. ನಿಂಗೆ ಯಾವಾಗ ಬರ್ಬೇಕು ಅನ್ಸುತ್ತೋ ಆಗ ಬಾ,” ಎಂದ. ತುಂಬ ಹೊತ್ತು ಕೂತ. ಮಣ್ಣೊಲೆಯ ಊಟ ಆರಿತು. ಕೊನೆಗೆ ಹುಡುಗಿ ಬಂದಳು, ಹಿಂಬಾಗಿಲಿಂದ, ಗೋಡೆ ಸವರಿಕೊಂಡು. ಅಪ್ಪನ ಕೈಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ ಆಮೇಲೆ ತೊಡೆಯ ಮೇಲೆ ಕೂತಳು.

ಮಕ್ಕಳ ಭಾನುವಾರ ಆ ಕಥೆ ಆಡಲಿಲ್ಲ. ಬೆಳಿಗ್ಗೆ, ಊರವರು ಚರ್ಚಿಗೆ ಬರುವ ಮುಂಚೆ, ಬಿಳಿ ಬಟ್ಟೆಯ ಮಕ್ಕಳನ್ನು ಲೋಸಲೀನೆ ಚಾಪೆಯ ಮೇಲೆ ಕೂರಿಸಿದಳು. ಬಾಗಿಲಲ್ಲಿ ಪಾದ್ರಿಗಳು ನಿಂತಿದ್ದರು. ಅವರನ್ನು ಕಂಡೂ ಅವಳು ಬಾಯಿ ತೆರೆದಳು.

“ಯೆಪ್ತಾಹ ಮಾಡಿದ್ದು ತಪ್ಪು. ದೇವರು ಅವನ ಹತ್ರ ಆ ಮಗೂನ ಕೇಳಿರಲಿಲ್ಲ. ಇಷ್ಟು ವರ್ಷ ನಾನು ಇದನ್ನ ಹೇಳಿಲ್ಲ. ಹೇಳೋಕೆ ಹೆದರ್ತಿದ್ದೆ.”

ಹೇಳಿ, ಮೇಲಿಂದ ಸಿಡಿಲು ಬಿದ್ದೀತೇನೋ ಎಂಬಂತೆ ಕತ್ತು ಕುಗ್ಗಿಸಿ ತಗಡಿನ ಮಾಡನ್ನೊಮ್ಮೆ ನೋಡಿದಳು. ಮಾಡಿನ ಮೇಲೆ ದೀವಿಹಲಸಿನ ಎಲೆಯೊಂದು ಜಾರಿದ ಸದ್ದಾಯಿತು. ಪಾದ್ರಿಗಳು ಕೆಮ್ಮಿದರು. ಲಾತಾಯ್ ಮಾತ್ರ ಚಾಪೆಯ ತುದಿಯಿಂದ ಒಂದೊಂದೇ ಗೇಣು ಸರಿಯುತ್ತ ಬಂದು ಅಜ್ಜಿಯ ಮೊಣಕಾಲಿಗೆ ಒರಗಿ ಕೂತಳು.