ಮೈಕಿನ ಮುಂದೆ ಅಕ್ಕ

...ಅಥವಾ ಶೂಟಿಂಗ್ ನಡೆದ ಆ ಗೋದಾಮು ತುರ್ಭೆಯಲ್ಲಿ ಇರಲೇ ಇಲ್ಲವೇನೋ. ಥಾಣೆ ಎಂದು ಒಮ್ಮೆ ಬರೆದು ಹೊಡೆದುಹಾಕಿದ್ದೇನೆ. ಅಕ್ಕನ ಅಂಗೈ ತಣ್ಣಗಿತ್ತು ಎಂಬುದನ್ನು ಮಾತ್ರ ಹೊಡೆದುಹಾಕಲು ಆಗುತ್ತಿಲ್ಲ.

ಮದುವೆಯಾಗಿ ಥಾಣೆಯ ಕಡೆಯ ನೆರೂಳಿಗೆ ಬರುವ ಮುಂಚೆ ಅಕ್ಕ ಏಳೆಂಟು ಕನ್ನಡ ಸಿನಿಮಾಗಳಲ್ಲಿ ನಟಿಸಿದ್ದಳು. ಒಂದರಲ್ಲೂ ಅವಳ ದನಿ ಇಲ್ಲ. ಮಾತು ಮರೆತರೆ ಒಂದು, ಎರಡು, ಮೂರು ಎನ್ನುತ್ತ ತುಟಿ ಆಡಿಸುವುದು. ಆಮೇಲೆ ಮದರಾಸಿನಲ್ಲಿ ಬೇರೊಬ್ಬಳು ಆ ತುಟಿಗೆ ಮಾತು ಕೂರಿಸುವುದು. ಯಾರೂ ತಪ್ಪೆನ್ನುತ್ತಿರಲಿಲ್ಲ. ಈಗ ಟಿ.ವಿ. ಧಾರಾವಾಹಿಯೊಂದರಲ್ಲಿ ತಾಯಿಯ ಪಾತ್ರ ಸಿಕ್ಕಿತ್ತು, ಹಿಂದಿಯಲ್ಲಿ. ಡಬ್ಬಿಂಗ್ ಇಲ್ಲ, ಮೈಕಿಗೆ ಬಿದ್ದದ್ದೇ ಮಾತು. ಮೊದಲ ದಿನ ಸರಿಹೋಗದಿದ್ದರೆ ಮರುದಿನ ಬೇರೆಯವಳು ಬರುತ್ತಾಳೆಂದು ಮೊದಲೇ ಹೇಳಿದ್ದರು.

ನಾನು ಆಫೀಸಿಗೆ ರಜೆ ಹಾಕಿ ಜೊತೆಗೆ ಹೋದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳು ತನ್ನ ಮೂರು ವಾಕ್ಯಗಳನ್ನು ಗೊಣಗುತ್ತಲೇ ಇದ್ದಳು.

"ನನ್ನ ಹಿಂದಿ ಕೇಳಿದ್ರೆ ತರಕಾರಿಯವನೇ ನಗ್ತಾನೆ ಮಾರಾಯ್ತಿ."

"ಅವನಿಗೆ ಬೈಯುವಾಗ ಲಾಯ್ಕಲ್ಲಿ ಬರ್ತದಲ್ಲ ನಿಂಗೆ?"

"ಅದು ಬೈಗಳು. ಇದು ಅಳು."

ಪೊಲೀಸರು ಮಗನನ್ನು ಎಳೆದೊಯ್ಯುವ ದೃಶ್ಯ. ಕ್ಯಾಮೆರಾ ಶುರುವಾಯಿತು. ಅಕ್ಕ ಬಾಗಿಲ ಚೌಕಟ್ಟು ಹಿಡಿದಳು, ಕಣ್ಣು ತುಂಬಿತು.

"ಒಂದು... ಎರಡು... ಮೂರು..."

ಏಳರವರೆಗೆ ಹೋದಳು. ಹನ್ನೊಂದೂ ಇರಬಹುದು. ಯಾರೂ ನಗಲಿಲ್ಲ, ನಕ್ಕಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ.

"ಬೆಹೆನ್‌ಜೀ, ಗಿನತಿ ನಹೀಂ, ಡಯಲಾಗ್!" ಎಂದ ನಿರ್ದೇಶಕ. ಇನ್ನೊಂದೇ ಸಲ ಎಂದು ಬೆರಳು ತೋರಿಸಿದ.

ಎರಡನೆಯ ಸಲ ಅವಳು ಮಾತಾಡಿದಳು. ಎಷ್ಟು ಮೆಲ್ಲಗೆಂದರೆ ಹತ್ತು ಹೆಜ್ಜೆ ದೂರದಲ್ಲಿದ್ದ ನನಗೆ ಒಂದಕ್ಷರವೂ ಕೇಳಿಸಲಿಲ್ಲ. ನಿರ್ದೇಶಕ "ಓಕೆ" ಎಂದ. ನಾಳೆ ಬಾ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ.

ಕೆಲವು ವಾರಗಳ ನಂತರ ಆ ಕಂತು ಬಂತು. ನಾವಿಬ್ಬರೇ ಟಿ.ವಿ. ಮುಂದೆ ಕೂತಿದ್ದೆವು. ತೆರೆಯ ಮೇಲಿನ ತಾಯಿ ಮೂರು ವಾಕ್ಯ ಹೇಳಿದಳು, ಶುದ್ಧ ಹಿಂದಿ, ಎಲ್ಲೂ ತಡವರಿಕೆಯಿಲ್ಲ.

"ಈ ದನಿ ನಂದಾ?" ಅಕ್ಕ ಕೇಳಿದಳು.

"ಮತ್ತೆಂತ, ನಿಂದೇ" ಎಂದೆ. ಅವಳು ಕೇಳಿ ಮುಗಿಸುವ ಮೊದಲೇ ಹೇಳಿಬಿಟ್ಟಿದ್ದೆನೇನೋ, ಅವಳು ನಂಬಲಿಲ್ಲ.

ಮುಂದೆಯೂ ಅವಳನ್ನು ಕರೆಯುತ್ತಲೇ ಇದ್ದರು. ಪ್ರತಿ ಸಲವೂ ಹೆದರಿಕೊಂಡೇ ಹೋಗುತ್ತಿದ್ದಳು. ಅವರಿಗೆ ಬೇಕಾದದ್ದು ಅವಳ ದನಿಯೂ ಹೌದೋ, ಮುಖ ಮಾತ್ರವೋ? ಅವಳು ಯಾರನ್ನೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಅಂದು ಟಿ.ವಿ.ಯಲ್ಲಿ ಮಾತಾಡಿದ್ದು ಯಾರೆಂದು ನನಗೆ ಈಗಲೂ ಗೊತ್ತಿಲ್ಲ.